ಆಮ್ಲಜನಕ ನೀರಾಗುವ ಜಾಗ: ಕಾಕ್ಸ್‌–1 ಉಪಘಟಕದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಬಿ.ಎಸ್ಸಿ., ಎಂ.ಎಸ್ಸಿ. ಮತ್ತು ಪಶುವೈದ್ಯ ವಿದ್ಯಾರ್ಥಿಗಳು, ದನ ಕಟ್ಟಿದ ರೈತರು, ತೊಗರಿ ಕೂಡಿಡುವವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಮೇಲ್ನೋಟಕ್ಕೆ ಒಂದಕ್ಕೊಂದು ಸಂಬಂಧ ಇಲ್ಲದಂತೆ ಕಂಡರೂ ಹೆಚ್ಚಿನವು ಬಂದು ಮುಟ್ಟುವುದು ಕಾಕ್ಸ್‌–1 ಎಂಬ ಒಂದೇ ಪ್ರೋಟೀನಿಗೆ. ಜೋಳ ಮೇದ ದನ ಈಗಲೇ ನೆಲಕ್ಕೆ ಬಿದ್ದಿದ್ದರೆ ಇದನ್ನು ಓದುತ್ತ ಕೂರಬೇಡಿ. ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ, ಹತ್ತಿರದ ಪಶುವೈದ್ಯರನ್ನು ಕರೆಸಿ, ಆಮೇಲೆ ಓದಿ.

ಕಾಕ್ಸ್‌–1 ಅಂದರೆ ಏನು?

ನಮ್ಮ ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ ಒಳಪೊರೆಯಲ್ಲಿ ಎಲೆಕ್ಟ್ರಾನ್ ಸಾಗಿಸುವ ನಾಲ್ಕು ದೊಡ್ಡ ಸಂಕೀರ್ಣಗಳಿವೆ. ನಾಲ್ಕನೆಯದರ ಹೆಸರು ಸೈಟೋಕ್ರೋಮ್ ಸಿ ಆಕ್ಸಿಡೇಸ್. ಹಸು, ಎಮ್ಮೆ, ಮನುಷ್ಯರಂಥ ಸಸ್ತನಿಗಳಲ್ಲಿ ಇದಕ್ಕೆ 13 ಉಪಘಟಕಗಳು (ಸೇರಿ ಕಿಣ್ವವಾಗುವ ಬಿಡಿ ಪ್ರೋಟೀನುಗಳು) ಎಂದು ಪಠ್ಯಪುಸ್ತಕ ಹೇಳುತ್ತದೆ. 2012ರಲ್ಲಿ ಇನ್ನೊಂದನ್ನು ಸೇರಿಸಿದ್ದರಿಂದ ಈಗ 14 ಎಂದು ಬರೆಯುವವರೂ ಇದ್ದಾರೆ. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಕಾಕ್ಸ್‌–1. ಮನುಷ್ಯರಲ್ಲಿ 513 ಅಮೈನೋ ಆಮ್ಲಗಳ ಸರಪಣಿ ಇದು, ಪೊರೆಯನ್ನು 12 ಸಲ ಹಾದು ಹೋಗುತ್ತದೆ.

ದೊಡ್ಡದು ಎಂಬ ಕಾರಣಕ್ಕೆ ಇದಕ್ಕೆ ಇಷ್ಟು ಮಹತ್ವ ಬಂದಿಲ್ಲ. ಉಸಿರಾಡಿದ ಆಮ್ಲಜನಕ ನೀರಾಗಿ ಬದಲಾಗುವ ಜಾಗ ಇದರ ಒಳಗಿದೆ. ದೇಹ ಬಳಸುವ ಆಮ್ಲಜನಕದಲ್ಲಿ ಶೇ 90ಕ್ಕೂ ಹೆಚ್ಚು ಖರ್ಚಾಗುವುದು ಇಲ್ಲೇ.

ಅದರೊಳಗೆ ಯಾವ ಯಾವ ಭಾಗಗಳಿವೆ?

ಮೂರು: ಹೀಮ್ ಎ, ಹೀಮ್ ಎ3 (ಎರಡೂ ನಡುವೆ ಕಬ್ಬಿಣ ಹಿಡಿದ ಉಂಗುರದಂಥ ಅಣುಗಳು), ಮತ್ತು ತಾಮ್ರ–ಬಿ ಎನ್ನುವ ಒಂದೇ ಒಂದು ತಾಮ್ರದ ಅಯಾನು. ಹೀಮ್ ಎ3ರ ಕಬ್ಬಿಣವೂ ತಾಮ್ರ–ಬಿಯೂ ಎದುರುಬದುರು ನಿಂತಿವೆ, ಆಮ್ಲಜನಕ ಬಂದು ಕೂರುವುದು ಇವೆರಡರ ನಡುವೆ. ಇನ್ನೆರಡು ತಾಮ್ರದ ಅಯಾನುಗಳು, ಅಂದರೆ ತಾಮ್ರ–ಎ ಕೇಂದ್ರ, ಪಕ್ಕದ ಕಾಕ್ಸ್‌–2ರಲ್ಲಿವೆ. ಪರೀಕ್ಷೆಯಲ್ಲಿ ತಾಮ್ರ–ಎಯನ್ನು ಕಾಕ್ಸ್‌–1ರೊಳಗೆ ಬರೆದು ಅಂಕ ಕಳೆದುಕೊಳ್ಳುವವರು ಪ್ರತಿ ವರ್ಷ ಸಿಗುತ್ತಾರೆ.

ಹಸುವಿನ ಹೃದಯದ ಕಿಣ್ವದ ರಚನೆ 1995ರಲ್ಲಿ ಸಿಕ್ಕಿತು. ಅದರ ಎಣಿಕೆಯಂತೆ ತಾಮ್ರ–ಬಿಯನ್ನು ಹಿಡಿದಿರುವುದು 240, 290, 291ನೇ ಹಿಸ್ಟಿಡಿನ್‌ಗಳು. ಇವುಗಳಲ್ಲಿ 240ನೆಯದು 244ನೇ ಟೈರೋಸಿನ್ ಜೊತೆ ನೇರ ಬಂಧದಿಂದ ಕೂಡಿಕೊಂಡಿದೆ. ಈ ಟೈರೋಸಿನ್ ಮುಂದಿನ ಉತ್ತರದಲ್ಲಿ ಮತ್ತೆ ಬರುತ್ತದೆ, ಮರೆಯಬೇಡಿ.

ಎಲೆಕ್ಟ್ರಾನ್ ಒಳಬಂದ ಮೇಲೆ ಹಂತಹಂತವಾಗಿ ಏನಾಗುತ್ತದೆ?

ಸೈಟೋಕ್ರೋಮ್ ಸಿ ಎಂಬ ಸಣ್ಣ ಪ್ರೋಟೀನ್ ಒಂದು ಸಲಕ್ಕೆ ಒಂದೇ ಎಲೆಕ್ಟ್ರಾನ್ ತರುತ್ತದೆ. ಅದು ಮೊದಲು ಕಾಕ್ಸ್‌–2ರ ತಾಮ್ರ–ಎಗೆ, ಅಲ್ಲಿಂದ ಹೀಮ್ ಎಗೆ, ಅಲ್ಲಿಂದ ಹೀಮ್ ಎ3–ತಾಮ್ರ–ಬಿ ಜೋಡಿಗೆ ಹೋಗುತ್ತದೆ. ಈ ಜೋಡಿ ಎರಡು ಎಲೆಕ್ಟ್ರಾನ್ ಪಡೆದು ಪೂರ್ತಿ ಅಪಕರ್ಷಣಗೊಳ್ಳುವ ತನಕ ಆಮ್ಲಜನಕ ಇಲ್ಲಿ ಗಟ್ಟಿಯಾಗಿ ಕೂರುವುದಿಲ್ಲ.

ಕೂತ ಕೂಡಲೇ ಅದಕ್ಕೆ ನಾಲ್ಕು ಎಲೆಕ್ಟ್ರಾನ್ ಒಟ್ಟಿಗೆ ಸಿಗುತ್ತವೆ. ಹೀಮ್ ಎ3ರ ಕಬ್ಬಿಣ ಎರಡು ಕೊಡುತ್ತದೆ (ಅದರ ಆವೇಶ ಎರಡರಿಂದ ನಾಲ್ಕಕ್ಕೇರುತ್ತದೆ), ತಾಮ್ರ–ಬಿ ಒಂದು, 244ನೇ ಟೈರೋಸಿನ್ ಒಂದು. ಆಮ್ಲಜನಕದ ಎರಡು ಪರಮಾಣುಗಳ ನಡುವಿನ ಬಂಧ ಒಂದೇ ಏಟಿಗೆ ಮುರಿಯುತ್ತದೆ. ಎಲೆಕ್ಟ್ರಾನ್ ಒಂದೊಂದಾಗಿ ಸಿಕ್ಕಿದ್ದರೆ ನಡುವೆ ಸೂಪರ್‌ಆಕ್ಸೈಡ್, ಪೆರಾಕ್ಸೈಡ್‌ನಂಥ ಹಾನಿಕಾರಕ ತುಣುಕುಗಳು ಹೊರಗೆ ಸೋರಿ ಕೋಶವನ್ನು ಕೆಡಿಸುತ್ತಿದ್ದವು. ಅಂಥ ಸೋರಿಕೆಗೆ ಹೆಚ್ಚು ಕಾರಣವಾಗುವುದು ಒಂದು ಮತ್ತು ಮೂರನೇ ಸಂಕೀರ್ಣಗಳು. ಆಮ್ಲಜನಕವನ್ನೇ ನೇರವಾಗಿ ಮುಟ್ಟುವ ನಾಲ್ಕನೆಯದು ಅದರಲ್ಲಿ ಬಹಳ ಶುದ್ಧ. ಟೈರೋಸಿನ್‌ನ ಆ ವಿಚಿತ್ರ ಬಂಧದ ಪ್ರಯೋಜನ ಇಲ್ಲಿ ಕಾಣುತ್ತದೆ.

ಆಮೇಲೆ ಬರುವ ಎಲೆಕ್ಟ್ರಾನ್‌ಗಳು ಕೇಂದ್ರವನ್ನು ಮೊದಲಿನ ಸ್ಥಿತಿಗೆ ತರುತ್ತವೆ, ಪ್ರೋಟಾನ್‌ಗಳು ಸೇರಿ ಎರಡು ನೀರಿನ ಅಣುಗಳು ಹೊರಬೀಳುತ್ತವೆ.

ನಾಲ್ಕನೇ ಸಂಕೀರ್ಣ ಪಂಪ್ ಮಾಡುವುದು ಎರಡು ಪ್ರೋಟಾನೋ ನಾಲ್ಕೋ? ಒಂದೊಂದು ಪುಸ್ತಕದಲ್ಲಿ ಒಂದೊಂದು ಇದೆ.

ಎರಡೂ ಸರಿ, ಯಾವುದಕ್ಕೆ ಲೆಕ್ಕ ಹಾಕಿದ್ದಾರೆ ನೋಡಿ. ಒಂದು ಆಮ್ಲಜನಕ ಅಣುವಿಗೆ, ಅಂದರೆ ನಾಲ್ಕು ಎಲೆಕ್ಟ್ರಾನ್‌ಗೆ, ನಾಲ್ಕು ಪ್ರೋಟಾನ್ ಹೊರಗೆ ಹೋಗುತ್ತವೆ. ಒಂದು ಎನ್‌ಎಡಿಎಚ್ (ಆಹಾರದಿಂದ ಎಲೆಕ್ಟ್ರಾನ್ ತರುವ ಅಣು) ಕೊಡುವುದು ಎರಡೇ ಎಲೆಕ್ಟ್ರಾನ್, ಹಾಗಾಗಿ ಅದರ ಲೆಕ್ಕದಲ್ಲಿ ಎರಡು. ಇದರ ಜೊತೆಗೆ ನೀರು ಮಾಡಲು ಇನ್ನೂ ನಾಲ್ಕು ಪ್ರೋಟಾನ್ ಒಳಗಿನ ದ್ರವದಿಂದಲೇ ಖರ್ಚಾಗುತ್ತವೆ. ಹಾಗಾಗಿ ಒಂದು ಆಮ್ಲಜನಕ ಅಣುವಿಗೆ ಒಳಗಡೆ ಒಟ್ಟು ಎಂಟು ಪ್ರೋಟಾನ್ ಕಡಿಮೆಯಾಗುತ್ತವೆ, ಹೊರಗಡೆ ನಾಲ್ಕು ಹೆಚ್ಚುತ್ತವೆ.

ಪ್ರೋಟಾನ್ ಸಾಗಲು ಕಾಕ್ಸ್‌–1ರೊಳಗೆ ಕಾಲುವೆಗಳಿವೆ. ಡಿ ಕಾಲುವೆ 91ನೇ ಆಸ್ಪಾರ್ಟೇಟ್‌ನಿಂದ ಶುರುವಾಗಿ 242ನೇ ಗ್ಲುಟಮೇಟ್‌ವರೆಗೆ ಹೋಗುತ್ತದೆ. ಕೆ ಕಾಲುವೆಯ ನಡುವೆ 319ನೇ ಲೈಸಿನ್ ಇದೆ. ಇವೂ ಹಸುವಿನ ಎಣಿಕೆಯೇ.

ಹಾಗಾದರೆ ಎಟಿಪಿ ಮಾಡುವುದು ಕಾಕ್ಸ್‌–1 ಏನು?

ಅಲ್ಲ. ಕೋಶ ಶಕ್ತಿಗೆ ಬಳಸುವ ಎಟಿಪಿ ಅಣುವನ್ನು ಮಾಡುವುದು ಎಟಿಪಿ ಸಿಂಥೇಸ್ ಎಂಬ ಬೇರೆ ಕಿಣ್ವ. ಒಂದು, ಮೂರು, ನಾಲ್ಕನೇ ಸಂಕೀರ್ಣಗಳು ಪ್ರೋಟಾನ್‌ಗಳನ್ನು ಹೊರಗೆ ತಳ್ಳಿ ಒಳಪೊರೆಯ ಎರಡೂ ಬದಿಗೆ ಸುಮಾರು 150ರಿಂದ 180 ಮಿಲಿವೋಲ್ಟ್ ವ್ಯತ್ಯಾಸ ಉಳಿಸುತ್ತವೆ. ಸಿಂಥೇಸ್ ಅದನ್ನು ಬಳಸುತ್ತದೆ.

ಒಂದು ಎನ್‌ಎಡಿಎಚ್‌ಗೆ 4, 4, 2 ಸೇರಿ ಹತ್ತು ಪ್ರೋಟಾನ್. ಎಟಿಪಿ ಒಂದಕ್ಕೆ, ಸಾಗಣೆಯ ಖರ್ಚು ಹಿಡಿದು, ಸುಮಾರು ನಾಲ್ಕು ಪ್ರೋಟಾನ್ ಬೇಕು. ಹಾಗಾಗಿ 2.5 ಎಟಿಪಿ. ಅದರಂಥದ್ದೇ ಇನ್ನೊಂದು ಅಣುವಾದ ಎಫ್‌ಎಡಿಎಚ್‌2ಗೆ 1.5. ಗ್ಲೂಕೋಸ್ ಒಂದಕ್ಕೆ ಈಗಿನ ಲೆಕ್ಕ 30ರಿಂದ 32. ಪಿಯುಸಿ ಪುಸ್ತಕದ 36 ಅಥವಾ 38 ಹಳೆಯ ಪೂರ್ಣಾಂಕದ ಲೆಕ್ಕ. ಪಿಯುಸಿ ಪರೀಕ್ಷೆಯಲ್ಲಿ ಪುಸ್ತಕದಲ್ಲಿರುವುದನ್ನೇ ಬರೆಯಿರಿ, ಡಿಗ್ರಿಯಲ್ಲಿ 30–32 ಬರೆಯಿರಿ. ಅಂಕದ ವಿಚಾರದಲ್ಲಿ ಕ್ರಾಂತಿ ಮಾಡಲು ಹೋಗಬೇಡಿ.

ಜೋಳ ಮೇದ ದನ ಒಮ್ಮೆಲೇ ಬಿದ್ದು ಸಾಯ್ತದಲ್ರಿ, ಅದಕ್ಕೂ ಇದಕ್ಕೂ ಏನು ಸಂಬಂಧ?

ನೇರ ಸಂಬಂಧ. ಎಳೆ ಜೋಳದ ಎಲೆಯಲ್ಲಿ ಡುರಿನ್ ಎಂಬ ವಸ್ತು ಇರುತ್ತದೆ. ಅದನ್ನು ಒಡೆಯುವ ಕಿಣ್ವ ಎಲೆಯ ಬೇರೆ ಕೋಶಗಳಲ್ಲಿರುತ್ತದೆ. ಗಿಡ ನಿಂತಿರುವ ತನಕ ಎರಡೂ ಸೇರುವುದಿಲ್ಲ. ದನ ಅಗಿದಾಗ ಅಥವಾ ಎಲೆ ಬಾಡಿ ಜಜ್ಜಿದಾಗ ಸೇರಿ ಹೈಡ್ರೋಜನ್ ಸಯನೈಡ್ ಬಿಡುಗಡೆಯಾಗುತ್ತದೆ. ಅದು ರಕ್ತದ ಮೂಲಕ ಮೈಟೊಕಾಂಡ್ರಿಯಾಕ್ಕೆ ಹೋಗಿ ಕಾಕ್ಸ್‌–1ರ ಹೀಮ್ ಎ3 ಮೇಲೆ, ಆಮ್ಲಜನಕ ಕೂರಬೇಕಾದ ಜಾಗದಲ್ಲೇ, ಕೂರುತ್ತದೆ. ಎಲೆಕ್ಟ್ರಾನ್ ಸಾಗುವ ಸರಪಣಿ ಪೂರ್ತಿ ನಿಲ್ಲುತ್ತದೆ. ಮೊದಲು ಸೋಲುವುದು ಮಿದುಳು ಮತ್ತು ಹೃದಯ.

ರಕ್ತದಲ್ಲಿ ಆಮ್ಲಜನಕಕ್ಕೆ ಕೊರತೆ ಇಲ್ಲ, ಅದನ್ನು ಬಳಸುವವರೇ ಇಲ್ಲ. ಅದಕ್ಕೇ ಸಾಯುತ್ತಿರುವ ದನದ ಅಭಿಧಮನಿಯ ರಕ್ತ ಕೂಡ ಕಡುಗೆಂಪು ಆಗದೆ ಹೊಳೆಯುವ ಕೆಂಪಾಗಿರುತ್ತದೆ.

ಮೆಲುಕು ಹಾಕುವ ಪ್ರಾಣಿಗೆ ಅಪಾಯ ಹೆಚ್ಚು, ಯಾಕೆಂದರೆ ದೊಡ್ಡ ಹೊಟ್ಟೆಯ ಸೂಕ್ಷ್ಮಜೀವಿಗಳೂ ಡುರಿನ್ ಒಡೆಯುತ್ತವೆ. ಹಂದಿ, ಕುದುರೆಗಳಲ್ಲಿ ಜಠರದ ಆಮ್ಲ ಆ ಕೆಲಸವನ್ನು ಬಹುಪಾಲು ತಡೆಯುತ್ತದೆ.

ಯಾವ ಜೋಳ ಅಪಾಯ, ಯಾವುದು ಅಲ್ಲ?

ಮೊಳಕಾಲೆತ್ತರಕ್ಕೂ ಬರದ ಎಳೆ ಪೈರು ಮೊದಲ ಅಪಾಯ. ಅದರ ನಂತರ ಕೊಯ್ದ ಮೇಲೆ ಚಿಗುರಿದ ಕೂಳೆ. ಮಳೆ ಕೈಕೊಟ್ಟು ಕುಂಠಿತವಾಗಿ ನಿಂತ ಬೆಳೆ, ಅದರಲ್ಲೂ ಯೂರಿಯಾ ಹಾಕಿದ್ದು, ಮೂರನೆಯದು. ಬರದಲ್ಲಿ ಬಾಡಿ ಮಳೆ ಬಿದ್ದ ಕೂಡಲೇ ಹಸಿರಾಗಿ ಚಿಗುರುವ ಹೊಲವಂತೂ ಮೂರೂ ಸೇರಿದಂತೆ. ದನ ಅದರತ್ತಲೇ ಓಡುತ್ತದೆ. ಕಾಂಡಕ್ಕಿಂತ ಎಲೆಯಲ್ಲಿ ವಿಷ ಬಹಳ ಹೆಚ್ಚು.

ಬೆಳೆ 45ರಿಂದ 60 ಸೆಂಟಿಮೀಟರ್ ದಾಟುವ ತನಕ ಮೇಯಿಸಬೇಡಿ. ಕುಂಠಿತ ಬೆಳೆಯಾದರೆ ಮಳೆ ಬಂದು ಚೆನ್ನಾಗಿ ಎದ್ದು ನಿಲ್ಲುವ ತನಕ ಕಾಯಿರಿ. ಹಸಿದ ದನವನ್ನು ಜೋಳಕ್ಕೆ ಬಿಡಲೇಬೇಡಿ, ಮೊದಲು ಒಣ ಮೇವು ಹಾಕಿ. ತೆನೆ ಬಲಿತು ಕೊಯ್ದು ಒಣಗಿಸಿದ ಕಣಕಿಯಲ್ಲಿ ಈ ಭಯ ಇಲ್ಲ. ಚೆನ್ನಾಗಿ ಬಿಸಿಲಿಗೆ ಒಣಗಿಸಿದರೆ ಸಯನೈಡ್ ಹಾರಿ ಹೋಗುತ್ತದೆ. ಅರೆಬರೆ ಬಾಡಿದ್ದು ಹಸಿಯದಷ್ಟೇ ಕೆಟ್ಟದ್ದು.

ಪ್ರಮಾಣ ತಿಳಿಯಬೇಕಾದರೆ: ದೇಹತೂಕದ ಪ್ರತಿ ಕಿಲೋಗೆ ಸುಮಾರು 2 ಮಿಲಿಗ್ರಾಂ ಹೈಡ್ರೋಜನ್ ಸಯನೈಡ್ ಪ್ರಾಣಾಂತಿಕ. 300 ಕಿಲೋ ತೂಗುವ ದೇವಣಿ ಹಸುವಿಗೆ ಅದು 600 ಮಿಲಿಗ್ರಾಂ. ಹಸಿ ಮೇವಿನಲ್ಲಿ ಕಿಲೋಗೆ 200 ಮಿಲಿಗ್ರಾಂ ಇದ್ದರೆ 3 ಕಿಲೋ ಸಾಕು, 500 ಇದ್ದರೆ 1.2 ಕಿಲೋ. ನಿಧಾನಕ್ಕೆ ತಿಂದರೆ ದೇಹ ಸ್ವಲ್ಪ ಸ್ವಲ್ಪ ಕರಗಿಸಿಕೊಳ್ಳುತ್ತದೆ, ಹಸಿದು ಗಬಗಬ ತಿಂದರೆ ಆಗುವುದಿಲ್ಲ.

ಡಾಕ್ಟರು ಬಂದು ಏನು ಮಾಡುತ್ತಾರೆ? ನಾವೇ ಕೊಡಬಹುದೇ?

ಸೋಡಿಯಂ ನೈಟ್ರೈಟ್ ಕಿಲೋಗೆ 10ರಿಂದ 20 ಮಿಲಿಗ್ರಾಂ, ಹಿಂದೆಯೇ ಸೋಡಿಯಂ ಥಯೋಸಲ್ಫೇಟ್ ಕಿಲೋಗೆ 500 ಮಿಲಿಗ್ರಾಂ ಅಥವಾ ಹೆಚ್ಚು, ಎರಡೂ ನರಕ್ಕೆ. 300 ಕಿಲೋ ಹಸುವಿಗೆ ನೈಟ್ರೈಟ್ 3ರಿಂದ 6 ಗ್ರಾಂ, ಥಯೋಸಲ್ಫೇಟ್ 150 ಗ್ರಾಂ. ನೈಟ್ರೈಟ್ ರಕ್ತದ ಹಿಮೋಗ್ಲೋಬಿನ್‌ನ ಒಂದು ಪಾಲನ್ನು ಮೆಟ್‌ಹಿಮೋಗ್ಲೋಬಿನ್ ಮಾಡುತ್ತದೆ. ಅದರ ಕಬ್ಬಿಣಕ್ಕೆ ಸಯನೈಡ್ ಅಂಟಿಕೊಂಡು ಕಾಕ್ಸ್‌–1 ಬಿಡುಗಡೆಯಾಗುತ್ತದೆ. ಥಯೋಸಲ್ಫೇಟ್‌ನ ಗಂಧಕ ತೆಗೆದುಕೊಂಡು ರೋಡನೇಸ್ ಎಂಬ ಕಿಣ್ವ ಸಯನೈಡನ್ನು ಥಯೋಸಯನೇಟ್ ಮಾಡುತ್ತದೆ, ಅದು ಮೂತ್ರದಲ್ಲಿ ಹೋಗುತ್ತದೆ. ಹೊಟ್ಟೆಯಲ್ಲಿ ಉಳಿದ ಮೇವು ಇನ್ನೂ ವಿಷ ಬಿಡುತ್ತಲೇ ಇರುವುದರಿಂದ 30 ಗ್ರಾಂ ಥಯೋಸಲ್ಫೇಟ್ ಬಾಯಿಗೂ ಹಾಕುತ್ತಾರೆ, ಬೇಕಾದರೆ ಮತ್ತೆ ಮತ್ತೆ.

ನೀವೇ ನೈಟ್ರೈಟ್ ಕೊಡಬೇಡಿ. ಬರದ ಜೋಳದಲ್ಲಿ ನೈಟ್ರೇಟ್ ವಿಷವೂ ಆಗುತ್ತದೆ, ಅದರಲ್ಲಿ ರಕ್ತ ಚಾಕೊಲೇಟ್ ಬಣ್ಣಕ್ಕೆ ತಿರುಗಿರುತ್ತದೆ. ಅಂಥ ದನಕ್ಕೆ ನೈಟ್ರೈಟ್ ಕೊಟ್ಟರೆ ಉಳಿಯುವ ದನವೂ ಉಳಿಯುವುದಿಲ್ಲ. ಡಾಕ್ಟರಿಗೆ ಫೋನಿನಲ್ಲೇ ರಕ್ತದ ಬಣ್ಣ, ಏನು ಮೇದಿತ್ತು, ಎಷ್ಟು ಹೊತ್ತಾಯಿತು, ಈ ಮೂರನ್ನು ಹೇಳಿ. ಉಳಿದ ದನಗಳನ್ನು ಹೊಲದಿಂದ ಹೊರಗೆ ತನ್ನಿ, ಓಡಿಸಬೇಡಿ.

ಮೇವಿನಲ್ಲಿ ಸಯನೈಡ್ ಇದೆಯೇ ಎಂದು ಕಾಲೇಜು ಲ್ಯಾಬಿನಲ್ಲಿ ನೋಡುವುದು ಹೇಗೆ?

ಪಿಕ್ರೇಟ್ ಕಾಗದದಿಂದ. 100 ಮಿಲಿಲೀಟರ್ ನೀರಿನಲ್ಲಿ 5 ಗ್ರಾಂ ಸೋಡಿಯಂ ಕಾರ್ಬೊನೇಟ್, 0.5 ಗ್ರಾಂ ಪಿಕ್ರಿಕ್ ಆಮ್ಲ ಕರಗಿಸಿ, ಫಿಲ್ಟರ್ ಪೇಪರ್ ಪಟ್ಟಿ ಅದ್ದಿ ತೆಗೆಯಿರಿ. ಆಗಷ್ಟೇ ಕಿತ್ತ ಎಲೆಯನ್ನು ಸಣ್ಣಗೆ ಕತ್ತರಿಸಿ ಪ್ರನಾಳಕ್ಕೆ ಹಾಕಿ, ಎರಡು ಮೂರು ಹನಿ ಕ್ಲೋರೋಫಾರ್ಮ್ ಬಿಟ್ಟು, ತೇವದ ಪಟ್ಟಿಯನ್ನು ಎಲೆಗೆ ತಾಗದಂತೆ ನೇತುಹಾಕಿ ಬಿರಡೆ ಬಿಗಿಯಿರಿ. ಬೆಚ್ಚಗಿನ ಜಾಗದಲ್ಲಿಡಿ. ಹಳದಿ ಪಟ್ಟಿ ಕಿತ್ತಳೆಯಾಗಿ ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ಸಯನೈಡ್ ಇದೆ. ಬೇಗ ತಿರುಗಿದಷ್ಟೂ ಹೆಚ್ಚು.

ಕೆಡುವುದು ಸಾಮಾನ್ಯವಾಗಿ ಮಾದರಿಯಲ್ಲಿ. ಯಾದಗಿರಿಯ ಹೊಲದಿಂದ ಗೋಣಿಚೀಲದಲ್ಲಿ ಮರುದಿನ ತಂದ ಎಲೆಯಲ್ಲಿ ವಿಷ ದಾರಿಯಲ್ಲೇ ಹಾರಿರುತ್ತದೆ, ಪಟ್ಟಿ ಹಳದಿಯೇ ಉಳಿಯುತ್ತದೆ, ದನ ಮಾತ್ರ ಸತ್ತಿರುತ್ತದೆ. ಎಲೆಯನ್ನು ಹೊಲದಲ್ಲೇ ಬಿಗಿ ಮುಚ್ಚಳದ ಬಾಟಲಿಗೆ ಹಾಕಿ ಐಸಿನಲ್ಲಿಟ್ಟು ತನ್ನಿ. ಇನ್ನೊಂದು ಎಚ್ಚರ: ಪೂರ್ತಿ ಒಣಗಿದ ಪಿಕ್ರಿಕ್ ಆಮ್ಲ ಸ್ಫೋಟಕ. ಬಾಟಲಿಯಲ್ಲಿ ಯಾವಾಗಲೂ ನೀರಿನ ತೇವ ಇರಬೇಕು, ಹಳೆಯ ಒಣಗಿದ ಬಾಟಲಿಯ ಮುಚ್ಚಳ ತಿರುಗಿಸಲು ಹೋಗಬೇಡಿ.

ಜೋಳದ ರೊಟ್ಟಿ, ಅಗಸಿ ಚಟ್ನಿ ತಿನ್ನುವ ನಮಗೇನಾದರೂ?

ಬಲಿತು ಒಣಗಿದ ಜೋಳದ ಕಾಳಿನಲ್ಲಿ ಡುರಿನ್ ಇಲ್ಲ, ರೊಟ್ಟಿ ನಿಶ್ಚಿಂತೆಯಿಂದ ತಿನ್ನಿ. ಮೊಳಕೆ ಬರಿಸಿದ ಜೋಳದ ಮೊಳಕೆಯಲ್ಲಿ ಮಾತ್ರ ಇರುತ್ತದೆ. ಮಾಲ್ಟ್ ಮಾಡುವವರು ಒಣಗಿಸಿ ಮೊಳಕೆ, ಬೇರು ಉಜ್ಜಿ ತೆಗೆಯುತ್ತಾರೆ, ಅದನ್ನು ಬಿಡಬಾರದು. ಅಗಸಿಯಲ್ಲೂ ಇದೇ ಜಾತಿಯ ವಸ್ತು ಸ್ವಲ್ಪ ಇದೆ. ಹುರಿದು ಮಾಡಿದ ಚಟ್ನಿ ಊಟದ ಜೊತೆ ಒಂದೆರಡು ಚಮಚ ತಿಂದರೆ ಏನೂ ಆಗುವುದಿಲ್ಲ.

ತಾಮ್ರದ ಚೊಂಬಿನ ನೀರು ಕುಡಿದರೆ ಈ ಕಿಣ್ವ ಜೋರಾಗುತ್ತದೆಯೇ?

ತಾಮ್ರ ಕಡಿಮೆಯಾದರೆ ಕಿಣ್ವ ಕುಂಠಿತವಾಗುವುದು ನಿಜ. ಆದರೆ ದಿನಕ್ಕೆ ಬೇಕಾದುದು ಒಂದೆರಡು ಮಿಲಿಗ್ರಾಂ, ಬೇಳೆಕಾಳು ತಿನ್ನುವ ಮನೆಯಲ್ಲಿ ಅದು ಊಟದಲ್ಲೇ ಬರುತ್ತದೆ. ನೂರು ಗ್ರಾಂ ತೊಗರಿಯಲ್ಲೇ ಸುಮಾರು 1 ಮಿಲಿಗ್ರಾಂ ಇದೆ. ಬೇಕಾದ್ದಕ್ಕಿಂತ ಹೆಚ್ಚು ಹಾಕಿದರೆ ಹೆಚ್ಚು ಕಿಣ್ವ ಆಗುವುದಿಲ್ಲ. ಹೊಟ್ಟೆಯ ಆಪರೇಷನ್ ಆದವರು, ಸತು ಮಾತ್ರೆಯನ್ನು ಬಹಳ ಕಾಲ ನುಂಗಿದವರು ಮಾತ್ರ ಡಾಕ್ಟರ ಹತ್ತಿರ ತಾಮ್ರದ ಬಗ್ಗೆ ಕೇಳಬೇಕು.

ತೊಗರಿ ಗೋದಾಮಿನ ಗುಳಿಗೆಯೂ ಈ ಕಿಣ್ವವನ್ನೇ ಹಿಡಿಯುತ್ತದಂತೆ?

ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಗಾಳಿಯ ತೇವಕ್ಕೆ ಫಾಸ್ಫೀನ್ ಅನಿಲ ಬಿಡುತ್ತದೆ, 3 ಗ್ರಾಂ ಗುಳಿಗೆಗೆ 1 ಗ್ರಾಂ. ಫಾಸ್ಫೀನ್ ಸೈಟೋಕ್ರೋಮ್ ಆಕ್ಸಿಡೇಸನ್ನು ತಡೆಯುತ್ತದೆ ಎಂಬುದು ಪ್ರಯೋಗದಲ್ಲಿ ಕಂಡದ್ದು, ಆದರೆ ಅದರ ಕೆಲಸ ಅಷ್ಟಕ್ಕೇ ನಿಲ್ಲುವುದಿಲ್ಲ. ಗುಳಿಗೆಗೆ ಜಗ್ಗದ ಹುಳುಗಳಲ್ಲಿ ಬದಲಾಗಿರುವುದು ಡೈಹೈಡ್ರೋಲಿಪೋಅಮೈಡ್ ಡಿಹೈಡ್ರೋಜಿನೇಸ್ ಎಂಬ ಇನ್ನೊಂದು ಮೈಟೊಕಾಂಡ್ರಿಯಾ ಕಿಣ್ವ ಎಂದು 2012ರಲ್ಲಿ ತಿಳಿಯಿತು. ಅನಿಲ ಸೋರುವ ತಾಡಪತ್ರಿ ಹೊದಿಸಿ ಎರಡೇ ದಿನಕ್ಕೆ ತೆಗೆದರೆ ಅರೆಜೀವದ ಹುಳು ಉಳಿದು ಇಂಥ ಜಗ್ಗದ ಸಂತತಿ ಬೆಳೆಯುತ್ತದೆ. ಸಯನೈಡಿಗೆ ಇರುವಂತೆ ಇದಕ್ಕೆ ಪ್ರತಿವಿಷ ಇಲ್ಲ. ಈ ಗುಳಿಗೆಯನ್ನು ತಜ್ಞರ ಉಸ್ತುವಾರಿಯಲ್ಲಿ ಮಾತ್ರ ಬಳಸಬೇಕೆಂದು ನಿಯಮವಿದೆ. ಮನೆಯಲ್ಲಿ, ಅದರಲ್ಲೂ ಮಲಗುವ ಕೋಣೆಯ ಕಾಳಿನ ಡಬ್ಬಿಯಲ್ಲಿ, ಇಡಲೇಬೇಡಿ.

ಈ ಕಿಣ್ವದ ದೋಷ ಮಕ್ಕಳಿಗೆ ತಾಯಿಯಿಂದಲೇ ಬರುತ್ತದೆಯೇ? ಸೋದರಸಂಬಂಧದ ಮದುವೆಗೂ ಇದಕ್ಕೂ ಏನು?

ಎರಡು ದಾರಿಗಳಿವೆ, ಬೆರೆಸಬೇಡಿ. ಕಾಕ್ಸ್‌–1, 2, 3ರ ಜೀನ್‌ಗಳು ಮೈಟೊಕಾಂಡ್ರಿಯಾದ 16,569 ಅಕ್ಷರಗಳ ಸ್ವಂತ ಡಿಎನ್‌ಎಯಲ್ಲಿವೆ. ಅವು ತಾಯಿಯಿಂದ ಬರುತ್ತವೆ, ಮದುವೆ ಯಾರ ಜೊತೆ ಆಯಿತು ಎಂಬುದಕ್ಕೆ ಇಲ್ಲಿ ಸಂಬಂಧ ಇಲ್ಲ. ಒಂದೇ ಕೋಶದಲ್ಲಿ ಸರಿಯಾದ ಪ್ರತಿಯೂ ಕೆಟ್ಟದ್ದೂ ಇರಬಹುದು, ಕೆಟ್ಟದ್ದರ ಪಾಲು ಒಂದು ಮಿತಿ ದಾಟಿದ ಮೇಲೆ ರೋಗ ಕಾಣುತ್ತದೆ.

ಉಳಿದ ಉಪಘಟಕಗಳೂ, ಕಿಣ್ವವನ್ನು ಜೋಡಿಸುವ ಪ್ರೋಟೀನುಗಳೂ ಕೋಶಕೇಂದ್ರದ ಜೀನ್‌ಗಳಿಂದ ಬರುತ್ತವೆ. ಅವುಗಳಲ್ಲಿ ಸರ್ಫ್‌–1 ಎಂಬುದು ಕೆಟ್ಟರೆ ಲೇ ಸಿಂಡ್ರೋಮ್ ಎಂಬ ಮಿದುಳಿನ ಕಾಯಿಲೆ ಎಳೆ ಮಕ್ಕಳಲ್ಲೇ ಬರುತ್ತದೆ. ಇದಕ್ಕೆ ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬರಬೇಕು. ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿಗೂ ಅಪಾಯ ಶೇ 25. ಸೋದರಮಾವನನ್ನು ಮದುವೆಯಾದರೆ ಒಂದೇ ಪೂರ್ವಜರ ಜೀನ್ ಎರಡೂ ಕಡೆಯಿಂದ ಮಗುವಿಗೆ ಬರುವ ಸಾಧ್ಯತೆ 8ರಲ್ಲಿ 1, ಅತ್ತೆ ಅಥವಾ ಮಾವನ ಮಕ್ಕಳಾದರೆ 16ರಲ್ಲಿ 1. ಮನೆಯಲ್ಲಿ ಈಗಾಗಲೇ ಇಂಥ ಮಗು ಇದ್ದರೆ ಮುಂದಿನ ಬಸಿರಿಗೆ ಮೊದಲೇ ಜೀನ್ ಪರೀಕ್ಷೆ ಮಾಡಿಸಿ.

ಸ್ನಾಯು ಬಯಾಪ್ಸಿ ಕಳಿಸಿದ್ದೆವು, ಕಿಣ್ವದ ಪರೀಕ್ಷೆ ಆಗುವುದಿಲ್ಲ ಎಂದು ವಾಪಸ್ ಬಂತು. ಯಾಕೆ?

ಬಹುತೇಕ ಫಾರ್ಮಲಿನ್‌ನಲ್ಲಿ ಕಳಿಸಿರುತ್ತಾರೆ. ಫಾರ್ಮಲಿನ್ ಬಿದ್ದರೆ ಕಿಣ್ವ ಸತ್ತಂತೆ. ತುಣುಕನ್ನು ದ್ರವ ಸಾರಜನಕದಲ್ಲಿ ತಣಿಸಿದ ಐಸೊಪೆಂಟೇನ್‌ನಲ್ಲಿ ಕ್ಷಣದಲ್ಲಿ ಗಟ್ಟಿಮಾಡಬೇಕು. ಮಾಮೂಲಿ ಫ್ರೀಜರಿನಲ್ಲಿ ನಿಧಾನಕ್ಕೆ ಗಟ್ಟಿಯಾದರೆ ಮಂಜಿನ ಹರಳು ಬೆಳೆದು ನಾರುಗಳ ತುಂಬ ತೂತು ಕಾಣುತ್ತದೆ. ಸಲೈನಿನಲ್ಲಿ ತೇಲಿಸಿದರೂ ಅದೇ ಗತಿ. ಈ ಸೌಲಭ್ಯ ಇರುವ ಕಡೆಗೇ ಮಗುವನ್ನು ಕರೆದೊಯ್ದು ಅಲ್ಲೇ ತೆಗೆಸುವುದು ವಾಸಿ. ಬಣ್ಣ ಹಾಕಿದಾಗ ಕಾಕ್ಸ್ (ನಾಲ್ಕನೇ ಸಂಕೀರ್ಣ) ಇರುವ ನಾರು ಕಂದು, ಕಾಕ್ಸ್ ಇಲ್ಲದೆ ಎರಡನೇ ಸಂಕೀರ್ಣ ಮಾತ್ರ ಉಳಿದದ್ದು ನೀಲಿ.

ಎಂ.ಎಸ್ಸಿ. ಪ್ರಾಜೆಕ್ಟಿಗೆ ಕಿಣ್ವದ ವೇಗ ಅಳೆಯುತ್ತಿದ್ದೇವೆ, ಅಂಕಿ ದಿನಕ್ಕೊಂದು ಥರ ಬರುತ್ತಿದೆ.

ಅಪಕರ್ಷಿತ ಸೈಟೋಕ್ರೋಮ್ ಸಿ 550 ನ್ಯಾನೋಮೀಟರ್‌ನಲ್ಲಿ ಬೆಳಕು ಹೀರುತ್ತದೆ, ಉತ್ಕರ್ಷಿಸಿದಂತೆ ಅದು ಇಳಿಯುತ್ತದೆ. ಮೊದಲು ನೋಡಬೇಕಾದ್ದು ನಿಮ್ಮ ಸೈಟೋಕ್ರೋಮ್ ಸಿ ನಿಜಕ್ಕೂ ಅಪಕರ್ಷಣಗೊಂಡಿದೆಯೇ ಎಂದು. 550 ಮತ್ತು 565ರ ಅನುಪಾತ 6ಕ್ಕಿಂತ ಮೇಲಿರಬೇಕು. ಡೈಥಯೋನೈಟ್ ಹೆಚ್ಚಾಗಿ ಉಳಿದರೆ ಅದು ಮತ್ತೆ ಮತ್ತೆ ಅಪಕರ್ಷಿಸುತ್ತ ವೇಗವನ್ನು ಮುಚ್ಚಿಹಾಕುತ್ತದೆ.

ಎರಡನೆಯದು ಹೊರಪೊರೆ. ಸೈಟೋಕ್ರೋಮ್ ಸಿ ಅದನ್ನು ದಾಟುವುದಿಲ್ಲ, ಹಾಗಾಗಿ ಡೋಡೆಸಿಲ್ ಮಾಲ್ಟೋಸೈಡ್‌ನಂಥ ಮೃದು ಡಿಟರ್ಜೆಂಟ್ ಬೇಕು. ಎಸ್‌ಡಿಎಸ್ ಹಾಕಿದರೆ ಕಿಣ್ವವೇ ಹೋಗುತ್ತದೆ.

ಮೂರನೆಯದು ನಮ್ಮ ಕಡೆಯ ಬಿಸಿಲು. ಏಪ್ರಿಲ್‌ನಲ್ಲಿ ಕಲಬುರಗಿಯ ಲ್ಯಾಬಿನ 'ಕೋಣೆಯ ಉಷ್ಣತೆ' ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು. ಕ್ಯುವೆಟ್ ಹಿಡಿಕೆಯನ್ನು 25 ಅಥವಾ 30 ಡಿಗ್ರಿಗೆ ಕಟ್ಟಿಹಾಕದೆ ಬಂದ ಅಂಕಿಗಳನ್ನು ಹೋಲಿಸಬೇಡಿ.

ಲೆಕ್ಕ ಹೀಗೆ: ನಿಮಿಷಕ್ಕೆ 0.037 ಇಳಿದರೆ, ಗುಣಾಂಕ 18.5 ಹಿಡಿದು, 0.002 ಮಿಲಿಮೋಲಾರ್, ಅಂದರೆ 1 ಮಿಲಿಲೀಟರ್‌ನಲ್ಲಿ 2 ನ್ಯಾನೋಮೋಲ್. ಹಾಕಿದ ಪ್ರೋಟೀನ್ 20 ಮೈಕ್ರೋಗ್ರಾಂ ಆದರೆ ಮಿಲಿಗ್ರಾಂಗೆ ನಿಮಿಷಕ್ಕೆ 100 ನ್ಯಾನೋಮೋಲ್. ಇಳಿಕೆ ನೇರ ಗೆರೆಯಲ್ಲಿರುವುದಿಲ್ಲ, ಮೊದಲ ಭಾಗವನ್ನೇ ತೆಗೆದುಕೊಳ್ಳಿ. ಕೊನೆಗೆ ಕಿಣ್ವವನ್ನು ನಿಲ್ಲಿಸುವ ತಡೆಗಾರ ವಸ್ತು ಹಾಕಿ ಉಳಿಯುವ ವೇಗವನ್ನು ಕಳೆಯಿರಿ.

ವೆಸ್ಟರ್ನ್ ಬ್ಲಾಟ್ ಮಾಡುವವರಿಗೆ ಒಂದು ಮಾತು: ಈ ಪ್ರೋಟೀನನ್ನು 95 ಡಿಗ್ರಿಯಲ್ಲಿ ಕುದಿಸಿದರೆ ಮುದ್ದೆಯಾಗಿ ಜೆಲ್ಲಿನ ಬಾವಿಯಲ್ಲೇ ಕೂರುತ್ತದೆ. 50 ಡಿಗ್ರಿ ದಾಟಿಸಬೇಡಿ. ತೂಕ 57 ಕಿಲೋಡಾಲ್ಟನ್ ಇದ್ದರೂ ಪಟ್ಟಿ 40ರ ಕೆಳಗೇ ಕಾಣುತ್ತದೆ, ಅದು ತಪ್ಪಲ್ಲ.

ಹುಳು ಗುರುತಿಸಲು ಕಾಕ್ಸ್‌–1ರ ಜೀನನ್ನೇ ಯಾಕೆ ಬಳಸುತ್ತಾರೆ?

ಪ್ರತಿ ಕೋಶದಲ್ಲಿ ನೂರಾರು ಪ್ರತಿ ಇರುವುದರಿಂದ ಹುಳುವಿನ ಒಂದು ಕಾಲು ಸಾಕು. ಜಾತಿಯಿಂದ ಜಾತಿಗೆ ಬದಲಾಗುವಷ್ಟು ವ್ಯತ್ಯಾಸವೂ ಇದೆ. ತೊಗರಿಯ ಕಾಯಿಕೊರಕವನ್ನು ಮರಿಹುಳುವಿನ ಹಂತದಲ್ಲೇ ಗುರುತಿಸಬೇಕಾದಾಗ ಉಪಯೋಗ. ಜೀನ್‌ನ ಮೊದಲ ತುದಿಯ ಸುಮಾರು 650 ಅಕ್ಷರ ಓದುತ್ತಾರೆ. ಗಿಡಗಳಲ್ಲಿ ಈ ಜೀನ್ ಬಹಳ ನಿಧಾನವಾಗಿ ಬದಲಾಗುತ್ತದೆ, ಹಾಗಾಗಿ ತೊಗರಿ ತಳಿ ಗುರುತಿಸಲು ಬರುವುದಿಲ್ಲ.

ಹುಳುವನ್ನು ಶೇ 95ರ ಎಥನಾಲ್‌ನಲ್ಲಿಡಿ, ಫಾರ್ಮಲಿನ್ ಬೇಡ. ಬಂದ ಸಾಲನ್ನು ಅಕಶೇರುಕ ಮೈಟೊಕಾಂಡ್ರಿಯಾದ ಸಂಕೇತಪಟ್ಟಿಯಲ್ಲಿ ಅನುವಾದಿಸಿ ನೋಡಿ. ಮಾಮೂಲಿ ಪಟ್ಟಿಯಲ್ಲಿ ನಿಲುಗಡೆ ಎನಿಸುವ ಯುಜಿಎ ಇಲ್ಲಿ ಟ್ರಿಪ್ಟೋಫಾನ್. ಸರಿಯಾದ ಪಟ್ಟಿಯಲ್ಲೂ ನಡುವೆ ನಿಲುಗಡೆ ಬಂದರೆ ನೀವು ಓದಿದ್ದು ಕೋಶಕೇಂದ್ರಕ್ಕೆ ಹಾರಿ ಕೂತ ಹಳೆಯ ನಕಲಿರಬಹುದು. ಅದನ್ನು ಡೇಟಾಬೇಸಿಗೆ ಹಾಕದೆ ಪಿಸಿಆರ್ ಮತ್ತೆ ಮಾಡಿ.